ಕಡೀ ನುಡಿಯೊಳಗಿನ ಹೆಸರು

ಗೀಗೀ ಮೇಳದೊಳಗ ಹಾಡಿನ ಕಡೀ ನುಡಿ ಶುರುವಾತು ಅಂದ್ರ ಮಂದಿ ಎದ್ದು ಧೋತರ ಜಾಡಿಸಿಕೊಳ್ಳತಾರ. ಕತಿ ಮುಗದೈತಿ, ವಾದ ಮುಗದೈತಿ. ಇನ್ನ ಬರೂದು ಊರ ಹೆಸರು, ಊರ ದೇವರ ಹೆಸರು, ಗುರುವಿನ ಹೆಸರು, ಕವಿಯ ಹೆಸರು. ಅದನ್ನ ಕೇಳಿ ಏನ ಮಾಡೂದೈತಿ ಅಂತ ಅವರ ಲೆಕ್ಕ. ನಲವತ್ತು ವರ್ಷ ದಪ್ಪು ಹಿಡಿದು ನಿಂತವನು ನಾನು. ಆ ನುಡಿ ಹಾಡುವಾಗ ನನ್ನ ಮುಂದೆ ಮುಖಕ್ಕಿಂತ ಬೆನ್ನೇ ಹೆಚ್ಚು ಇರತಿದ್ದವು.

ವಾಚನಾಲಯದ ಹುಡುಗರು ಈ ಪುಸ್ತಕಕ್ಕೆ "ನಾವು ಯಾರು" ಅನ್ನುವ ವಿಷಯದ ಮ್ಯಾಲ ಬರೀರಿ ಅಂತ ಕೇಳಿದರು. ಈ ಪ್ರಶ್ನೆಗೆ ಶರಣರು, ಸಂತರು, ಅವಧೂತರು ಉತ್ತರ ಹೇಳಿ ಹೋಗ್ಯಾರ, ನಾನು ಹೊಸದಾಗಿ ಏನು ಹೇಳಲಿ? ಆದರೆ ಒಂದು ಮಾತು ನನ್ನ ತಲಿಯೊಳಗ ಬಹಳ ದಿನದಿಂದ ಕುಂತೈತಿ. ಅವರ ಉತ್ತರವನ್ನು ನಾವು ಹಾಡಿನ ನಡುವೆ ಹುಡುಕತೀವಿ. ಅರ್ಧ ಉತ್ತರ ಇರೂದು ಕಡೀ ನುಡಿಯೊಳಗ, ನಾವು ಎದ್ದು ಹೊಂಟ ಮ್ಯಾಲ ಹಾಡುವ ನುಡಿಯೊಳಗ. ಅದಕ್ಕೆ ಅಂಕಿತ ಅಂತಾರ. ಕುರಿಗಾರರು ಕುರಿಯ ಬೆನ್ನಿಗೆ ಬಣ್ಣ ಹಚ್ಚತಾರಲ್ಲ, ಎರಡು ಹಿಂಡು ಕೂಡಿದರೆ ಯಾರ ಕುರಿ ಯಾವುದು ತಿಳೀಲಿ ಅಂತ, ಹಂಗ.

ಬಸವಣ್ಣನವರ ವಚನದ ಕೊನೆಗೆ ಬಸವಣ್ಣ ಅಂತ ಇಲ್ಲ, ಕೂಡಲಸಂಗಮದೇವ ಅಂತ ಇದೆ. ಅಕ್ಕನ ವಚನಕ್ಕೆ ಚೆನ್ನಮಲ್ಲಿಕಾರ್ಜುನ, ಅಲ್ಲಮಪ್ರಭುಗಳಿಗೆ ಗುಹೇಶ್ವರ. ನಮ್ಮ ಸೊಲ್ಲಾಪುರದ ಸಿದ್ಧರಾಮರಿಗೆ ಕಪಿಲಸಿದ್ಧ ಮಲ್ಲಿಕಾರ್ಜುನ. ಪುಸ್ತಕದವರು ಇದನ್ನು "ಇಷ್ಟದೈವದ ಹೆಸರು" ಅಂತ ಒಂದು ಸಾಲಿನಾಗ ಹೇಳಿ ಮುಂದ ಹೋಗತಾರ. ನನಗೆ ಅಷ್ಟಕ್ಕೆ ಸಮಾಧಾನ ಇಲ್ಲ. ವಚನಕ್ಕೆ ನೀವು "ನೀನು ಯಾರು" ಅಂತ ಕೇಳಿದರೆ ಅದು ತನ್ನ ಹೆಸರು ಹೇಳೂದಿಲ್ಲ. ನಾನು ಯಾರ ಮುಂದ ನಿಂತು ಮಾತಾಡಾಕತ್ತೀನಿ ನೋಡು, ಅದರ ಮ್ಯಾಲ ತಿಳಕೋ ಅಂತದ. ಸಂಗಮದೇವನ ಮುಂದೆ ಆಡಿದ ಮಾತು ಸಂತೆಯೊಳಗ ಆಡಿದ ಮಾತಿನಂಗ ಇರೂದಿಲ್ಲ. ಯಾರ ಮುಂದೆ ಸುಳ್ಳು ಹೇಳಾಕ ಬಾಯಿ ಬರೂದಿಲ್ಲೋ ಅವರೇ ನಿನ್ನ ಗುರುತು ಅಂತ ನಾನು ಇದನ್ನು ಅರ್ಥ ಮಾಡಿಕೊಂಡೀನಿ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಸಿದ್ಧರಾಮರ ಕತಿ ನಮ್ಮ ಕಡೆ ಎಲ್ಲಾರಿಗೂ ಗೊತ್ತು. ಸೊನ್ನಲಿಗೆಯೊಳಗ ಕೆರೆ ತೋಡಿಸಾಕತ್ತಾಗ ಅಲ್ಲಮಪ್ರಭುಗಳು ಬಂದು, ನಿಮ್ಮ ಒಡ್ಡರಾಮ ಎಲ್ಲಿ ಅಂತ ಕೇಳಿದರಂತೆ. ಕೆಲಸದವರು ಸಿಟ್ಟಿಗೆದ್ದು ಕಲ್ಲು ಒಗದರು. ನಮ್ಮ ಗುರುವಿಗೆ ಒಡ್ಡ ಅಂದ್ಯಾ ಅಂತ ಅವರ ಸಿಟ್ಟು. ಹಾಡುವಾಗ ನಾವು ಪ್ರಭುಗಳ ಮಹಿಮೆ ಹೇಳಾಕ ಅವಸರ ಮಾಡತೀವಿ, ಕಲ್ಲು ಒಗದವರ ಬಗ್ಗೆ ವಿಚಾರ ಮಾಡೂದಿಲ್ಲ. ಅವರೇ ಮಣ್ಣು ಹೊತ್ತವರು. ತಾವು ಮಾಡುವ ಕೆಲಸದ ಹೆಸರು ತಮ್ಮ ಗುರುವಿಗೆ ಹತ್ತಿದರೆ ಅವರಿಗೆ ಅವಮಾನ ಆತು! ಮಾಡುವ ಕೆಲಸಕ್ಕೂ ಹೇಳಿಕೊಳ್ಳುವ ಹೆಸರಿಗೂ ಅವತ್ತೇ ಜಗಳ ಇತ್ತು ಅನ್ನೂದು ಇದರಾಗ ಕಾಣತೈತಿ.

ಇದಕ್ಕೆ ಎದುರಾಗಿ ಅಂಬಿಗರ ಚೌಡಯ್ಯನನ್ನು ಇಟ್ಟು ನೋಡಬೇಕು. ಅವನ ವಚನದ ಕೊನೆಗೆ ದೇವರಿಲ್ಲ, ಗುಡಿ ಇಲ್ಲ, ಊರಿಲ್ಲ. ಅಂಬಿಗರ ಚೌಡಯ್ಯ, ಅಷ್ಟೇ. ದೋಣಿ ನಡೆಸುವ ಕೆಲಸ ಮೊದಲು, ಹೆಸರು ಆಮ್ಯಾಲ. ಬ್ಯಾರೇದವರ ಬಾಯಾಗ ಬಂದಾಗ ಕಲ್ಲು ಒಗಿಯುವಂತಾ ಮಾತು ಅವನು ತಾನೇ ಆಡಿದಾಗ ಮೀಸಿ ತಿರುವಿದಂಗ ಕೇಳತದ. ಜಾತಿ ಕೇಳುವವರು ಕೇಳೂಕಿಂತ ಮೊದಲೇ ಹೇಳಿಬಿಟ್ಟ. ವಚನಕಾರರೊಳಗ ನನಗೆ ಹೆದರಿಕೆ ಬರುವುದು ಇವನದೊಬ್ಬನದೇ. ಇವನ ವಚನ ಹೇಳುವಾಗ ಕೇಳುವವರೂ ನನ್ನ ಕಡೆ ನೋಡದೆ ನೆಲ ನೋಡತಾರ.

ಇನ್ನು ನಮ್ಮಂಥಾ ಗಡಿಯವರ ಕತಿ. ಜತ್ತ ತಾಲೂಕು ಮೊದಲು ಸಂಸ್ಥಾನ, 1948 ರಲ್ಲಿ ಮುಂಬಯಿ ಪ್ರಾಂತಕ್ಕೆ ಕೂಡಿತು, 1960 ರಿಂದ ಮಹಾರಾಷ್ಟ್ರ. ನಾವು ಮಾತ್ರ ಕುಂತಲ್ಲೇ ಕುಂತೀವಿ. ದೊಳ್ಳಿನ ಪದ ಕನ್ನಡದಾಗ, ಭಜನಿಯೊಳಗ ಕನ್ನಡವೂ ಐತಿ, ಮರಾಠಿ ಅಭಂಗವೂ ಐತಿ. ಆಷಾಢದಾಗ ಪಂಢರಪುರದ ದಿಂಡಿಗೆ ಹೊಂಟರೆ ಅರ್ಧ ದಾರಿ ಆ ಭಾಷೆ, ಅರ್ಧ ದಾರಿ ಈ ಭಾಷೆ. ಎರಡನ್ನೂ ಹಾಡುವವನಿಗೆ ಒಂದು ಸಂಗತಿ ನಾಲಿಗೆ ಮ್ಯಾಲೇ ತಿಳೀತದ. ಕನ್ನಡದ ವಚನ ಕೊನೆಗೆ ದೇವರ ಹೆಸರು ಹೇಳತದ. ದಾಸರ ಪದವೂ ಹಂಗ: ಪುರಂದರ ವಿಠಲ, ಕಾಗಿನೆಲೆಯಾದಿಕೇಶವ. ಮರಾಠಿ ಅಭಂಗದ ಕೊನೆಗೆ ಸಂತನ ಸ್ವಂತ ಹೆಸರು: ತುಕಾ ಹೇಳತಾನ, ನಾಮಾ ಹೇಳತಾನ, ಚೋಖಾ ಹೇಳತಾನ.

ನಮ್ಮ ಕಡೆ ಕೆಲವು ಹಿರಿಯ ಹಾಡುಗಾರರು ಇದಕ್ಕೆ ಒಂದು ತೀರ್ಪು ಕೊಡತಿದ್ದರು. ನೋಡ್ರಿ, ಕನ್ನಡದವರು ಅಹಂಕಾರ ಬಿಟ್ಟವರು, ಮರಾಠಿಯವರು ತಮ್ಮ ಹೆಸರು ಹಾಕಿಕೊಂಡವರು ಅಂತ. ಚಪ್ಪಾಳೆ ಬೀಳತಿದ್ದವು. ನಾನೂ ಈ ಮಾತು ಎರಡು ಮೂರು ಸಲ ವೇದಿಕೆ ಮ್ಯಾಲ ಆಡೀನಿ. ಈಗ ನನಗೆ ಅದು ಪೂರಾ ತಪ್ಪು ಅನಿಸತೈತಿ.

ಯಾಕಂದ್ರ ಚೋಖಾಮೇಳನನ್ನು ನೋಡ್ರಿ. ಮಹಾರ ಜಾತಿಯವ, ಮಂಗಳವೇಢೆಯವ, ನಮಗೆ ಮಗ್ಗಲ ತಾಲೂಕು. ಪಂಢರಪುರದ ಗುಡಿಯೊಳಗ ಅವನನ್ನು ಬಿಡತಿರಲಿಲ್ಲ. ಯಾವ ಹೆಸರು ಕೇಳಿದರೆ ಬಾಗಿಲು ಹಾಕತಿದ್ದರೋ ಅದೇ ಹೆಸರನ್ನು ಅವನು ಒಂದೊಂದು ಅಭಂಗದ ಕೊನೆಗೂ ಇಟ್ಟ. ಇದು ಅಹಂಕಾರ ಹೆಂಗಾಗತದ? ಪಂಚಾಯತಿಯೊಳಗ ಬಡವ ಎದ್ದು ನಿಂತು "ಈ ಮಾತು ನಾ ಆಡಾಕತ್ತೀನಿ, ಬರಕೋರಿ" ಅಂದಂಗ ಅದು. ಸಾಕ್ಷಿ ಹೇಳುವವ ತನ್ನ ಹೆಸರು ಹೇಳಲೇಬೇಕು.

ಅವನ ಕತಿ ಅಲ್ಲಿಗೇ ಮುಗಿಯೂದಿಲ್ಲ. ಮಂಗಳವೇಢೆಯೊಳಗ ಗೋಡೆ ಕೆಲಸ ಮಾಡುವಾಗ ಗೋಡೆ ಬಿದ್ದು ಬಹಳ ಮಂದಿ ಸತ್ತರು, ಅವರೊಳಗ ಚೋಖನೂ ಸತ್ತ. ಎಲುಬೆಲ್ಲಾ ಒಂದರಾಗೊಂದು ಕೂಡಿಬಿಟ್ಟಿದ್ದವು. ನಾಮದೇವ ಬಂದು ಒಂದೊಂದು ಎಲುಬು ಎತ್ತಿ ಕಿವಿಗೆ ಹಿಡಿದು ನೋಡಿದ. ಯಾವ ಎಲುಬಿನಿಂದ ವಿಠ್ಠಲ ವಿಠ್ಠಲ ಅಂತ ದನಿ ಬಂತೋ ಅವು ಚೋಖನವು ಅಂತ ಆರಿಸಿಕೊಂಡು ಪಂಢರಪುರಕ್ಕೆ ಒಯ್ದು ಗುಡಿಯ ಮುಂದೆ ಸಮಾಧಿ ಮಾಡಿದ. ಭಕ್ತರ ಕತಿ, ಹಂಗ ನಡೀತೋ ಇಲ್ಲೋ ನಾನು ವಾದ ಮಾಡೂದಿಲ್ಲ. ಆದರೆ ಕತಿ ಕಟ್ಟಿದವರ ಬುದ್ಧಿ ನೋಡಬೇಕು. ಜೀವ ಇದ್ದಾಗ ಹಾಡಿನ ಕೊನೆಗೆ ತನ್ನ ಹೆಸರು ಹಾಕಿದವನನ್ನು, ಸತ್ತಾಗ ದೇವರ ಹೆಸರಿನಿಂದ ಗುರುತು ಹಿಡಿದರು. ಎಲುಬು ಚೋಖಾ ಅನ್ನಲಿಲ್ಲ. ಕನ್ನಡದ ಅಂಕಿತ, ಮರಾಠಿಯ ಅಂಕಿತ ಎರಡೂ ಅಲ್ಲಿ ಒಂದೇ ಮೈಯೊಳಗ ಬಂದು ಕೂಡಿದವು. ಈ ಕತಿ ತಿಳಿದ ಮ್ಯಾಲ ಯಾವ ಭಾಷೆಯವರು ಹೆಚ್ಚು ಅನ್ನುವ ಮಾತು ನಾನು ವೇದಿಕೆ ಮ್ಯಾಲ ಆಡೂದು ಬಿಟ್ಟೆ.

ಶಿಶುನಾಳ ಶರೀಫರ ಬಗ್ಗೆ ಬಹಳ ಹೇಳೂದು ಬ್ಯಾಡ, ಸಿ. ಅಶ್ವತ್ಥರ ದನಿಯೊಳಗ ಅವರ ಪದ ಮನಿಮನಿಗೆ ಮುಟ್ಟ್ಯಾವ. ಹುಟ್ಟಿದ್ದು ಮುಸಲ್ಮಾನರ ಮನೆತನದಾಗ, ಗುರು ಕಳಸದ ಗೋವಿಂದಭಟ್ಟರು. ಅವರು ಇವರವರೋ ಅವರವರೋ ಅಂತ ಇವತ್ತಿಗೂ ಕಟ್ಟೀ ಮ್ಯಾಲ ಮಾತು ನಡೀತದ. ಕಡೀ ನುಡಿ ಕೇಳಿದರೆ ಉತ್ತರ ಐತಿ: ಶಿಶುನಾಳಧೀಶ. ಜಾತಿ ಕೇಳಿದವರಿಗೆ ಊರು ಹೇಳಿ ಕಳಿಸಿದ ಮಹಾತ್ಮ. ಆದರೆ ಪದ ಹಾಡುವ ಈಗಿನ ಹುಡುಗರು ಅಲ್ಲಿಗೆ ಬಂದ ಕೂಡಲೆ ತಾಳ ಓಡಸತಾರ, ಅದಕ್ಕ ನನ್ನ ತಕರಾರು.

ಅಂಕಿತ ಮುಟ್ಟಿದರೆ ಏನಾಗತದ ಅನ್ನೂದಕ್ಕೆ ನಮ್ಮ ಕಾಲದ್ದೇ ಒಂದು ಉದಾಹರಣೆ ಐತಿ. ಮಾತೆ ಮಹಾದೇವಿಯವರು ಬಸವಣ್ಣನವರ ವಚನ ಅಚ್ಚು ಹಾಕಿಸುವಾಗ ಕೂಡಲಸಂಗಮದೇವ ಅನ್ನುವಲ್ಲಿ ಲಿಂಗದೇವ ಅಂತ ಹಾಕಿದರು. ಆ ಪುಸ್ತಕಕ್ಕೆ 1998 ರಲ್ಲಿ ಕರ್ನಾಟಕ ಸರಕಾರ ನಿಷೇಧ ಹಾಕಿತು, 2017 ರಲ್ಲಿ ಸುಪ್ರೀಂ ಕೋರ್ಟು ಆ ನಿಷೇಧ ಎತ್ತಿ ಹಿಡಿಯಿತು. ಮಠದವರ ಜಗಳದಾಗ ನಾನು ಬಾಯಿ ಹಾಕೂದಿಲ್ಲ. ವಚನದ ಉಳಿದ ಮಾತು ಹಂಗೇ ಇತ್ತು, ಕೊನೆಯ ಒಂದು ಹೆಸರು ಬದಲಾಗಿತ್ತು, ಅಷ್ಟಕ್ಕೆ ದಿಲ್ಲಿತನಕ ಹೋಯಿತು. ಮಂದಿ ಕಡೀ ನುಡಿಗೆ ಎದ್ದು ಹೋಗತಾರ ಅಂದೆನಲ್ಲ, ಹೋದರೂ ಅದು ಅಲ್ಲಿ ಐತಿ ಅನ್ನುವ ಭರವಸೆ ಮ್ಯಾಲ ಹೋಗತಾರ. ಅದನ್ನ ತೆಗೆದರೆ ತಿರುಗಿ ಬರತಾರ.

ನಾನೂ ಒಂದು ಸಲ ಅಂಕಿತ ಮುಟ್ಟೀನಿ. ನನ್ನನ್ನು ಯಾವ ಕೋರ್ಟೂ ಕೇಳಲಿಲ್ಲ. ಅದನ್ನ ಹೇಳಾಕ ಮೊದಲು ಹೆಣ್ಣುಮಕ್ಕಳ ಅಂಕಿತದ ಮಾತು ಹೇಳಬೇಕು.

ಆಯ್ದಕ್ಕಿ ಮಾರಯ್ಯ ಹೆಚ್ಚು ಅಕ್ಕಿ ಆಯ್ದುಕೊಂಡು ಬಂದಾಗ, ಇಷ್ಟು ಆಸೆ ನಮಗ್ಯಾಕೆ, ಎಲ್ಲಿಂದ ತಂದಿರೋ ಅಲ್ಲೇ ಸುರುವಿ ಬರ್ರಿ ಅಂದಾಕಿ ಅವನ ಹೆಂಡತಿ ಲಕ್ಕಮ್ಮ. ಗಂಡನಿಗೆ ಬುದ್ಧಿ ಹೇಳಿದಾಕಿ. ಆದರೆ ಅವಳ ಅಂಕಿತ ಏನು? ಮಾರಯ್ಯಪ್ರಿಯ ಅಮರೇಶ್ವರಲಿಂಗ. ಅವನ ಅಂಕಿತ ಬರೇ ಅಮರೇಶ್ವರಲಿಂಗ, ಅದರಾಗ ಲಕ್ಕಮ್ಮ ಇಲ್ಲ. ಮರಾಠಿಯೊಳಗ ಜನಾಬಾಯಿ, ನಾಮದೇವನ ಮನಿಯ ದಾಸಿ. ಬೀಸುವಾಗ ವಿಠ್ಠಲ ಬಂದು ಕಲ್ಲಿಗೆ ಕೈ ಹಚ್ಚತಿದ್ದ ಅಂತಾರ. ದೇವರನ್ನು ಬೀಸಾಕ ಹಚ್ಚಿದಾಕಿಯೂ ಹಾಡಿನ ಕೊನೆಗೆ ತನ್ನನ್ನು ನಾಮಯ್ಯನ ದಾಸಿ ಜನಿ ಅಂತಾಳ. ಇಬ್ಬರೂ ಗಂಡಸಿನ ಹೆಸರಿನ ಬಗಲಾಗ ನಿಂತು ತಮ್ಮ ಮಾತು ಹೇಳ್ಯಾರ. ಇದನ್ನು ಸಣ್ಣತನ ಅಂತ ತಿಳಿಯೋರು ಇದ್ದಾರು. ಜನಿ ಅನ್ನುವ ಎರಡು ಅಕ್ಷರ ಆ ಸಾಲಿನಾಗ ಇಲ್ಲದಿದ್ದರೆ ಬೀಸಿದ ಹಾಡು ಯಾರದು ಅಂತ ಇವತ್ತು ನಮಗೆ ತಿಳೀತಿತ್ತೇನು? ನಮ್ಮ ಗುಡ್ಡಾಪುರದ ತಾಯಿಗೆ ಮಾತ್ರ ಯಾರ ಬಗಲೂ ಬೇಕಾಗಲಿಲ್ಲ. ಉಮರಾಣಿಯೊಳಗ ಹುಟ್ಟಿದಾಗ ಇಟ್ಟ ಹೆಸರು ಲಿಂಗಮ್ಮ, ದಾನ ಮಾಡಿ ಮಾಡಿ ದಾನಮ್ಮ ಆದಳು ಅಂತ ಹೇಳತಾರ.

ಇನ್ನು ನಮ್ಮ ಬೀಸೂ ಪದ. ಮೂರು ಮೂರು ಸಾಲಿನ ಆ ಪದದಾಗ ತವರೂರ ಹೆಸರು ಬರತದ, ಅಣ್ಣನ ಹೆಸರು ಬರತದ, ತಮ್ಮನ ಎತ್ತಿನ ಹೆಸರೂ ಬರತದ. ಹಾಡುವಾಕಿಯ ಹೆಸರು ಬರೂದಿಲ್ಲ. ಅದಕ್ಕೆ ಕಡೀ ನುಡಿಯೇ ಇಲ್ಲ. ಹಿಟ್ಟು ಮುಗದಾಗ ಹಾಡು ಮುಗೀತದ.

ನಮ್ಮ ದೊಡ್ಡವ್ವ, ಅಂದ್ರ ದೊಡ್ಡಪ್ಪನ ಹೆಂಡತಿ, ನಸಿಕಿನಾಗ ಬೀಸುವಾಗ ಒಂದು ಪದ ಹಾಡತಿದ್ದಳು. ಪಂಚಮಿಗೆ ಕರಿಯಾಕ ಬರಬೇಕಾದ ಅಣ್ಣನ ಗಾಡಿ ಯಾಕ ತಡ ಆತು ಅಂತ ದಾರಿ ನೋಡುವ ಹೆಣ್ಣುಮಗಳ ಪದ ಅದು. ಹಳ್ಳದಾಗ ನೀರು ಬಂದಿರಬೇಕು, ಎತ್ತಿನ ಕಾಲು ಉಳುಕಿರಬೇಕು, ಅತ್ತಿಗಿ ಬ್ಯಾಡ ಅಂದಿರಬೇಕು ಅಂತ ಒಂದೊಂದೇ ನೆವ ಅಣ್ಣನ ಪರವಾಗಿ ತಾನೇ ಹುಡುಕತಾಳ. ಕೊನೆಗೆ ಗಾಡಿ ಬಂತೋ ಇಲ್ಲೋ ಹೇಳೂದಿಲ್ಲ. ಎಲ್ಲಿಂದ ಕಲ್ತಿ ಅಂದ್ರ, ಕಲ್ತದ್ದಲ್ಲೋ, ಕಲ್ಲು ತಿರುಗಿದಂಗ ಬಂತು ಅಂತಿದ್ದಳು.

ನಾನು ಹರದೇಶಿ ಮೇಳದವ. ತಿಳಿಯದವರಿಗೆ ಹೇಳತೀನಿ: ಹರದೇಶಿಯವರು ಶಿವ ದೊಡ್ಡವ, ಗಂಡು ಹೆಚ್ಚು ಅಂತ ವಾದ ಹಾಡಬೇಕು, ನಾಗೇಶಿಯವರು ಶಕ್ತಿ ದೊಡ್ಡಾಕಿ, ಹೆಣ್ಣು ಹೆಚ್ಚು ಅಂತ ಹಾಡಬೇಕು. ರಾತ್ರಿ ಎಲ್ಲಾ ಗಂಡು ಹೆಚ್ಚು ಅಂತ ಕೂಗಿ, ಮುಂಜಾನೆ ಬಂದು ದೊಡ್ಡವ್ವ ಬಡದ ರೊಟ್ಟಿ ತಿಂದು ಮಲಗತಿದ್ದೆ. ಒಂದು ಜಾತ್ರಿಯೊಳಗ ಎದುರಿನ ಮೇಳ ಬಹಳ ಜೋರಾತು. ನನ್ನ ಹತ್ತಿರ ಇದ್ದ ಪದ ತೀರಿದವು. ಆಗ ದೊಡ್ಡವ್ವನ ಪದ ನೆನಪಾತು. ಅದನ್ನೇ ಗೀಗೀ ಧಾಟಿಗೆ ತಿರುವಿ, ನೋಡ್ರಿ, ಅಣ್ಣ ಬಂದು ಕರದರ ಹಬ್ಬ, ಬರದಿದ್ದರ ಅಳು, ಹೆಣ್ಣಿನ ಬಾಳೇ ಗಂಡಸಿನ ಗಾಡೀ ಮ್ಯಾಲ ಐತಿ ಅಂತ ವಾದ ಮಾಡಿ ಕಟ್ಟಿದೆ. ಕಡೀ ನುಡಿಗೆ ನಮ್ಮೂರು, ನಮ್ಮ ಗುರು, ಕವಿ ಅಂತ ನನ್ನ ಹೆಸರು. ಮಂದಿ ಕುಣಿದಾಡಿತು. ಟಾವೆಲು, ಟೆಂಗಿನಕಾಯಿ, ಹನ್ನೊಂದು ರೂಪಾಯಿ ಕೊಟ್ಟರು. ಅವತ್ತಿನಿಂದ ಅದು ನನ್ನ ಪದ ಆತು. ಈಗ ಮೊಬೈಲಿನಾಗ ಹುಡುಗರು ಕೇಳತಾರಲ್ಲ, ಅದೇ.

ಹಾಡುಗಾರನಾಗಿ ಆ ಪದದ ಬಗ್ಗೆ ಈಗ ನನ್ನ ವಿಮರ್ಶೆ ಹೇಳಬೇಕಂದ್ರ, ನಾನು ಕಟ್ಟಿದ್ದು ಹಲಕಾ ಆಗೈತಿ. ಅವಳ ಪದದಾಗ ಗಾಡಿ ಬಂತೋ ಇಲ್ಲೋ ತಿಳಿಯೂದಿಲ್ಲ, ಅದೇ ಅದರ ಜೀವ. ನಾನು ಗಾಡಿ ಬರಿಸಿದೆ, ಅಣ್ಣನನ್ನು ಇಳಿಸಿದೆ, ಮೀಸಿ ಮ್ಯಾಲ ಕೈ ಇಡಿಸಿದೆ. ಅತ್ತಿಗಿಯ ಮಾತು ತೆಗೆದುಬಿಟ್ಟೆ, ವಾದಕ್ಕ ಅದು ಅಡ್ಡ ಬರತಿತ್ತು. ಕಾಯಾಕತ್ತಿದ್ದ ಹೆಣ್ಣುಮಗಳ ದನಿ ಹೋಗಿ ಗೆದ್ದ ಗಂಡಸಿನ ದನಿ ಬಂತು. ಹೆಸರು ಬದಲಾದರೆ ಹಾಡೂ ಒಳಗಿನಿಂದ ಬದಲಾಗತದ ಅನ್ನೂದು ನನ್ನ ಕೈಯಾರೆ ಮಾಡಿ ತಿಳಕೊಂಡೆ.

ದೊಡ್ಡವ್ವ ಒಮ್ಮೆ ನಮ್ಮೂರಾಗೇ ಅದನ್ನ ಕೇಳಿದಳು. ಹೆಣ್ಣುಮಕ್ಕಳು ಕೂಡುವ ಕಡೆ ಕುಂತಿದ್ದಳು, ಕಡೀ ನುಡಿಗೂ ಏಳಲಿಲ್ಲ. ಮನಿಗೆ ಬಂದ ಮ್ಯಾಲ, "ಕೊನೀಗೆ ಯಾರ ಹೆಸರು ಹೇಳಿದ್ಯೋ ತಮ್ಮಾ?" ಅಂದಳು.

"ನಂದ ಹೇಳೀನಿ ದೊಡ್ಡವ್ವಾ," ಅಂದೆ. ಆಮ್ಯಾಲ ನಾಚಿಕಿ ಬಂದು, "ನಿನ್ನ ಹೆಸರು ಹಾಕಲೇನು?" ಅಂತ ಕೇಳಿದೆ.

ನಕ್ಕಳು. "ಯಾವ ಹೆಸರ ಹಾಕತೀ? ನಂದು ನಾ ತವರಾಗ ಬಿಟ್ಟ ಬಂದೀನಿ. ಇಲ್ಲಿದ್ದದ್ದು ನಿಮ್ಮವರು ಇಟ್ಟದ್ದು."

ಮದುವಿಯೊಳಗ ಹೆಣ್ಣಿನ ಹೆಸರು ಬದಲು ಮಾಡುವ ಪದ್ಧತಿ ನಮ್ಮ ಕಡೆ ಬಹಳ ಮನಿಯೊಳಗ ಇತ್ತು. ನಾನು ಕೇಳಿದ ಹೆಸರು ಎರಡನೇದು. ಮೊದಲನೇದು ಏನು ಅಂತ ಆ ಹೊತ್ತಿಗೆ ಕೇಳಲಿಲ್ಲ. ಕೇಳದೇ ಇದ್ದದ್ದು ಹಂಗೇ ಉಳೀತು, ಅವಳೂ ಹೋದಳು.

ಈ ವರ್ಷ ವಾಚನಾಲಯದವರು ಊರ ಹಾಡುಗಾರರ ಪದ ಕೂಡಿಸಿ ಬ್ಯಾರೇ ಒಂದು ಪುಸ್ತಕ ಮಾಡತೀವಿ ಅಂತ ಬಂದಾಗ ಆ ಪದವನ್ನೇ ಮೊದಲು ಬರಕೊಂಡರು. ಮ್ಯಾಲ "ರಚನೆ" ಅಂತ ಬರೆದು ನನ್ನ ಹೆಸರು, ಕೆಳಗ ಜಾಗಾ ಸಾಲೂದಿಲ್ಲ ಅಂತ ಕಡೀ ನುಡಿ ತೆಗೆದಿದ್ದರು. ಹುಡುಗರ ಮ್ಯಾಲ ಸಿಟ್ಟಿಲ್ಲ, ಎಲ್ಲಾ ಪುಸ್ತಕದವರೂ ಹಿಂಗ ಮಾಡತಾರ. ಆದರೆ ಇದು ಸಣ್ಣ ಬದಲಾವಣೆ ಅಲ್ಲ. ಹಾಡಿನಾಗ ಹೆಸರು ಕೊನೆಗೆ ಬರತದ. ಮೊದಲು ಮಾತು ಕೇಳು, ಹಿಡಿಸಿದರೆ ಆಮ್ಯಾಲ ನಾ ಯಾರು ಅಂತ ಕೇಳು. ಪುಸ್ತಕದಾಗ ಹೆಸರು ಮೊದಲು ಬರತದ. ಓದುವವ ಹೆಸರು ನೋಡತಾನ, ಅಡ್ಡಹೆಸರು ನೋಡತಾನ, ಯಾವ ಪೈಕಿ ಅಂತ ಮನಸಿನಾಗೇ ಲೆಕ್ಕ ಹಾಕತಾನ, ಆಮ್ಯಾಲ ಪದ ಓದತಾನ. ಅಷ್ಟೊತ್ತಿಗೆ ಚೌಡಯ್ಯನ ಬಾಯಿ ಮುಚ್ಚಿಸಿದಂಗೇ ಆತಲ್ಲ.

ನಮ್ಮ ಸಾತ್‌ಬಾರಾ ಉತಾರ ಇದಕ್ಕಿಂತ ಶಾಣ್ಯಾ ಐತಿ ಅಂತ ನನಗನಿಸತದ. ಅದರಾಗ ಹೊಲ ಯಾರ ಹೆಸರಿಗೆ ಅಂತ ಒಂದು ಮನಿ ಇರತದ, ಮಗ್ಗಲಿಗೆ ಇತರ ಹಕ್ಕ ಅಂತ ಇನ್ನೊಂದು ಮನಿ. ಸಾಲ ಇದ್ದರೆ ಅಲ್ಲಿ ಏರತದ, ಕುಳ ಇದ್ದರೆ ಏರತದ. ಹೊಲ ನನ್ನದು ಖರೆ, ಆದರೆ ನಂದೊಬ್ಬಂದೇ ಅಲ್ಲ ಅಂತ ಅದು ಹೇಳತದ. ಮೊದಲಿನ ಕಾಲದಾಗ ಅಪ್ಪ ಸತ್ತ ಮ್ಯಾಲ ಅಣ್ಣತಮ್ಮರ ಹೆಸರು ಮಾಲಕರ ಮನಿಯೊಳಗ, ಅಕ್ಕತಂಗೇರ ಹೆಸರು ಎಷ್ಟೋ ಸಲ ಇತರ ಹಕ್ಕದ ಮನಿಯೊಳಗ ಏರಸತಿದ್ದರು. ಆಮ್ಯಾಲ ಒಂದು ದಿನ ಸೀರಿ ಉಡಿಸಿ, ಉಡಿ ತುಂಬಿ, ಹಕ್ಕಸೋಡ ಪತ್ರದ ಮ್ಯಾಲ ಹೆಬ್ಬೆಟ್ಟು ಒತ್ತಿಸಿಕೊಂಡು ಆ ಹೆಸರು ಕಡಿಮಿ ಮಾಡತಿದ್ದರು.

ಇದು ನೆನಪಾದ ದಿನ ನಾನು ದೊಡ್ಡವ್ವನ ತವರೂರಿಗೆ ಹೋದೆ. ಅವರ ಮೊಮ್ಮಕ್ಕಳ ಹತ್ತಿರ ಹಳೇ ಕೈಬರಹದ ಉತಾರ ಒಂದು ಟ್ರಂಕಿನಾಗ ಇತ್ತು. ಮೂವರು ಅಣ್ಣತಮ್ಮರು. ಮಗ್ಗಲ ಮನಿಯೊಳಗ ಒಂದು ಹೆಣ್ಣಿನ ಹೆಸರು, ಸುತ್ತ ಕಂಸ. ಕಂಸ ಹಾಕಿದರೆ ಆ ಹೆಸರು ಹೋತು ಅಂತ ಅರ್ಥ, ಆದರೆ ಓದಾಕ ಬರತದ. ತಲಾಠಿಯ ಅಕ್ಷರ ಮುತ್ತಿನಂಗಿತ್ತು. ನಾನು ಅಲ್ಲೇ ಹೊಸ್ತಿಲ ಮ್ಯಾಲ ಕುಂತು ನಾಕು ಸಲ ಓದಿದೆ. ಅವಳು ಹಾಡಿದ ಆ ಗಾಡಿಯ ದಾರಿ ಆ ಹೊಸ್ತಿಲಿನಿಂದಲೇ ಕಾಣತದ, ಹಳ್ಳವೂ ಐತಿ.

ಹುಡುಗರಿಗೆ ಹೇಳೀನಿ: ಮ್ಯಾಲಿನ ರಚನೆ ಅನ್ನುವ ಸಾಲು ತೆಗೀರಿ, ಜಾಗಾ ಸಾಲದಿದ್ದರೆ ನನ್ನ ಬ್ಯಾರೇ ಪದ ಒಂದು ಬಿಡ್ರಿ, ಕಡೀ ನುಡಿ ಪೂರಾ ಹಾಕ್ರಿ. ಪದವನ್ನೂ ತಿರುಗಿ ಅವಳು ಹಾಡಿದಂಗ ಬರೆದುಕೊಟ್ಟೀನಿ, ಅತ್ತಿಗಿ ಬಂದಾಳ, ಗಾಡಿ ಬಂದಿಲ್ಲ. ಅವಳ ಹೆಸರನ್ನು ಮಾತ್ರ ಈ ಲೇಖನದಾಗ ನಾನು ಬರಿಯೂದಿಲ್ಲ. ಇಲ್ಲಿ ಬರೆದರೆ ಅದು ನನ್ನ ಬರಹಕ್ಕೆ ಹಾಕಿದ ದಾಗೀನಾ ಆಗತದ. ಅದು ಹಾಡಿನಾಗ ಬರಬೇಕು, ಕೊನೆಗೇ ಬರಬೇಕು.

ಕೂಡಿಸಾಕ ಎರಡು ರಾತ್ರಿ ಬೇಕಾತು. ನಮ್ಮೂರು, ದಾನಮ್ಮ, ಗುರು, ಅವಳ ತವರೂರು ಇಷ್ಟು ಸರಿಯಾಗಿ ಕುಂತವು. ಅವಳ ಹೆಸರು ನಾಕು ಅಕ್ಷರದ್ದು, ಅಲ್ಲಿ ಬಂದು ತಾಳ ಕುಂಟತಿತ್ತು. ಹೆಂಗ ತಿರುವಿದರೂ ಜಾಗಾ ಆಗಲೊಲ್ಲದು. ಕಡೀಕ ನನ್ನ ಹೆಸರಿನ ಹಿಂದಿದ್ದ ಕವಿ ಅನ್ನುವ ಮಾತು ತೆಗೆದೆ, ಆಗ ಕುಂತಿತು. ಛಟ್ಟಿ ಅಮಾಸಿಗೆ ಗುಡ್ಡಾಪುರದ ಜಾತ್ರಿಯೊಳಗ ಹಾಡಾವದೀನಿ. ಬಂದವರು ಧೋತರ ಜಾಡಿಸೂದು ಸ್ವಲ್ಪ ತಡಾ ಮಾಡ್ರಿ.